ಕರುವಿನ ತೊಗಲಿನ ಮೇಲೆ ಉಳಿದ ನಾಡು

ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ, ವಿಶ್ವವಿದ್ಯಾಲಯದ ಆವರಣಕ್ಕೆ ಅಂಟಿಕೊಂಡಂತೆ, ಮೊಟ್ಟೆಯಾಕಾರದ ಕಟ್ಟಡವೊಂದಿದೆ. ಹೆಸರು ಎಡ್ಡಾ. ಅದರ ತಾಮ್ರಬಣ್ಣದ ಹೊರಗೋಡೆಯ ತುಂಬ ಅಕ್ಷರಗಳು ಮೂಡಿವೆ. ಶತಮಾನಗಳ ಹಿಂದೆ ಆ ನಾಡಿನ ಲಿಪಿಕಾರರು ಕರುವಿನ ಚರ್ಮದ ಮೇಲೆ ಬರೆದಿಟ್ಟ ಹಸ್ತಪ್ರತಿಗಳಿಂದ ಆಯ್ದ ಸಾಲುಗಳು ಅವು. ಆ ಹಸ್ತಪ್ರತಿಗಳೂ ಇರುವುದು ಇದೇ ಗೋಡೆಯ ಒಳಗೆ, ಆರ್ನಿ ಮಾಗ್ನುಸ್ಸೊನ್ ಹೆಸರಿನ ಸಂಸ್ಥೆಯ ವಶದಲ್ಲಿ.

ಕಟ್ಟಡ ಎದ್ದದ್ದು ಸುಲಭವಾಗಿ ಅಲ್ಲ. 2013ರಲ್ಲಿ ಗುದ್ದಲಿಪೂಜೆಯಾಗಿ ಪಾಯ ಅಗೆದ ಮೇಲೆ ಹಣ ನಿಂತುಹೋಯಿತು. ವರ್ಷಗಟ್ಟಲೆ ಅಲ್ಲಿ ಬರೀ ಗುಂಡಿ ಇತ್ತು. ಊರಿನವರು ಅದನ್ನು ‘ಐಸ್‌ಲ್ಯಾಂಡ್ ಅಧ್ಯಯನದ ಗುಂಡಿ’ ಎಂದೇ ಕರೆಯತೊಡಗಿದ್ದರು. 2019ರಲ್ಲಿ ಕೆಲಸ ಮತ್ತೆ ಶುರುವಾಗಿ 2023ರ ಏಪ್ರಿಲ್‌ನಲ್ಲಿ ಬಾಗಿಲು ತೆರೆಯಿತು. ಹೆಸರಿಗಾಗಿ ಸಾರ್ವಜನಿಕರಿಂದ ಸಲಹೆ ಕೇಳಿ, ಬಂದವುಗಳಲ್ಲಿ ಎಡ್ಡಾ ಎಂಬುದನ್ನು ಆರಿಸಿದರು. ‘ಪದಗಳಲ್ಲಿ ಜಗತ್ತು’ ಎಂಬ ಅರ್ಥದ ಹೆಸರು ಹೊತ್ತ ಕಾಯಂ ಪ್ರದರ್ಶನ ಅಲ್ಲಿ ಆರಂಭವಾದದ್ದು 2024ರ ನವೆಂಬರ್ 16ರಂದು. ಕವಿ ಯೋನಾಸ್ ಹಲ್‌ಗ್ರಿಮ್ಸೊನ್ ಹುಟ್ಟಿದ ಆ ದಿನವನ್ನು ಐಸ್‌ಲ್ಯಾಂಡಿನವರು ತಮ್ಮ ನುಡಿಯ ಹಬ್ಬವಾಗಿ ಆಚರಿಸುತ್ತಾರೆ.

ಜನಸಂಖ್ಯೆಯಲ್ಲಿ ಇಡೀ ದೇಶ ನಮ್ಮ ಮೈಸೂರು ನಗರದ ಅರ್ಧದಷ್ಟೂ ಇಲ್ಲ. ಅಷ್ಟು ಚಿಕ್ಕ ನಾಡು ಹಳೆಯ ಪುಸ್ತಕಗಳಿಗಾಗಿ ಇಂಥದೊಂದು ಮನೆ ಕಟ್ಟಿಕೊಂಡಿದೆ. ಅಲ್ಲಿ ಕೋಟೆಗಳಿಲ್ಲ, ಅರಮನೆಗಳಿಲ್ಲ, ಕಲ್ಲಿನ ದೊಡ್ಡ ಗುಡಿಗಳಿಲ್ಲ. ಹಳೆಯ ಮನೆಗಳೆಲ್ಲ ಹುಲ್ಲುಹೆಂಟೆಯವು. ಮಳೆಗೆ, ಹಿಮಕ್ಕೆ, ಭೂಕಂಪಕ್ಕೆ ಕರಗಿಹೋದವು. ಪೂರ್ವಜರು ಬಿಟ್ಟುಹೋದದ್ದರಲ್ಲಿ ಕೈಗೆ ಸಿಗುವುದೆಂದರೆ ಈ ಪುಸ್ತಕಗಳೇ.

ಒಳಗೆ ಹೋದವರು ಮೊದಲು ಕಣ್ಣನ್ನು ಮಂದ ಬೆಳಕಿಗೆ ಹೊಂದಿಸಿಕೊಳ್ಳಬೇಕು. ಹಳೆಯ ತೊಗಲಿಗೂ ಬಣ್ಣಕ್ಕೂ ಬೆಳಕು ಶತ್ರು. ಅದಕ್ಕೇ ದೀಪಗಳು ಕಡಿಮೆ. ಯುರೋಪಿನ ದೊಡ್ಡ ಗ್ರಂಥಾಲಯಗಳಲ್ಲಿ ಬಂಗಾರದ ರೇಖು ಹಚ್ಚಿದ, ನೀಲಿ ಕೆಂಪು ಚಿತ್ರಗಳಿಂದ ತುಂಬಿದ ಬೈಬಲುಗಳನ್ನು ನೋಡಿ ಬಂದವರಿಗೆ ಇಲ್ಲಿಯ ಪುಸ್ತಕಗಳು ಬಡವಾಗಿ ಕಾಣಬಹುದು. ಕಂದು ಬಣ್ಣದ ಒರಟು ಹಾಳೆ. ಹೊಗೆ ಹಿಡಿದ ಅಂಚು. ಸಣ್ಣ ಅಕ್ಷರಗಳನ್ನು ಜಾಗ ಬಿಡದೆ ಒತ್ತೊತ್ತಾಗಿ ತುಂಬಿದ್ದಾರೆ. ಪದಗಳನ್ನೂ ಪೂರ್ತಿ ಬರೆದಿಲ್ಲ, ಗುರುತು ಹಾಕಿ ಮೊಟಕುಗೊಳಿಸಿದ್ದಾರೆ. ತೊಗಲು ದುಬಾರಿಯಾಗಿತ್ತು, ಹೇಳುವುದು ಬಹಳವಿತ್ತು.

ಇವುಗಳಲ್ಲಿ ಎಲ್ಲಕ್ಕಿಂತ ಹೆಸರಾದ ಕೋಡೆಕ್ಸ್ ರೀಜಿಯಸ್, ಅಂದರೆ ‘ರಾಜನ ಪುಸ್ತಕ’, ಸುಮಾರು 19 ಸೆಂಟಿಮೀಟರ್ ಎತ್ತರ, 13 ಸೆಂಟಿಮೀಟರ್ ಅಗಲದ ಪುಟ್ಟ ಕಟ್ಟು. 1270ರ ಆಸುಪಾಸಿನಲ್ಲಿ ಬರೆದದ್ದು. ಬರೆದವರು ಯಾರು, ಬರೆಸಿದವರು ಯಾರು ಎಂಬುದರ ಸುಳಿವು ಅದರಲ್ಲಿಲ್ಲ. ಉಳಿದಿರುವುದು 45 ಹಾಳೆ. ನಡುವೆ ಎಂಟು ಹಾಳೆಗಳು ಕಳೆದುಹೋಗಿವೆ. ಓಡಿನ್, ಥೋರ್, ಲೋಕಿ ಮುಂತಾದ ದೇವತೆಗಳ ಕಥೆಗಳು, ಸೃಷ್ಟಿ ಮತ್ತು ಪ್ರಳಯದ ವರ್ಣನೆ, ಘಟಸರ್ಪವನ್ನು ಕೊಂದ ಸಿಗುರ್ಡನ ವೀರಗಾಥೆ, ಎಲ್ಲವೂ ಹಾಡುಗಬ್ಬದ ರೂಪದಲ್ಲಿ ಇದರೊಳಗಿವೆ. ಉತ್ತರ ಯುರೋಪಿನ ಹಳೆಯ ದೇವತೆಗಳ ಬಗ್ಗೆ ಇಂದು ಚಲನಚಿತ್ರ ಮಾಡುವವರು, ಕಾದಂಬರಿ ಬರೆಯುವವರು, ಮಕ್ಕಳಿಗೆ ಕಥೆ ಹೇಳುವವರು ಎಲ್ಲರೂ ನೇರವಾಗಿಯೋ ಬಳಸಿಯೋ ಈ ಪುಸ್ತಕಕ್ಕೆ ಸಾಲಗಾರರು. ಇದರಲ್ಲಿರುವ ಹಾಡುಗಳಲ್ಲಿ ಹೆಚ್ಚಿನವು ಬೇರೆ ಯಾವ ಪ್ರತಿಯಲ್ಲೂ ಸಿಕ್ಕಿಲ್ಲ. ಒಂದು ಮಳೆಗಾಲದಲ್ಲಿ ಮಾಡು ಸೋರಿದ್ದರೆ, ಒಂದು ರಾತ್ರಿ ದೀಪ ಉರುಳಿದ್ದರೆ ಅಷ್ಟೂ ಹೋಗುತ್ತಿತ್ತು. ಹೋದ ಎಂಟು ಹಾಳೆಗಳಲ್ಲಿ ಸಿಗುರ್ಡನ ಕಥೆಯ ಮುಖ್ಯ ಭಾಗವೇ ಇತ್ತು. ಅದೇ ಕಥೆಯನ್ನು ಗದ್ಯದಲ್ಲಿ ಹೇಳುವ ಇನ್ನೊಂದು ಕೃತಿ ಇರುವುದರಿಂದ ಏನು ನಡೆಯಿತೆಂದು ತಿಳಿಯುತ್ತದೆ. ಹಾಡುಗಳು ಮಾತ್ರ ಹೋದವು.

ಪುಸ್ತಕ ಮಾಡುವ ಕೆಲಸ ಕೊಟ್ಟಿಗೆಯಲ್ಲಿ ಶುರುವಾಗುತ್ತಿತ್ತು. ಕರುವಿನ ಚರ್ಮ ಸುಲಿದು, ನೆನೆಸಿ, ಕೂದಲು ಕೆರೆದು, ಚೌಕಟ್ಟಿಗೆ ಬಿಗಿದು ಹದ ಮಾಡಬೇಕು. ಬೇರೆ ದೇಶಗಳಲ್ಲಿ ಕೂದಲು ಸಡಿಲಿಸಲು ಸುಣ್ಣದ ನೀರು ಬಳಸುತ್ತಿದ್ದರು. ಐಸ್‌ಲ್ಯಾಂಡ್ ಜ್ವಾಲಾಮುಖಿಯ ನಾಡು, ಸುಣ್ಣಕಲ್ಲು ಅಲ್ಲಿ ಇಲ್ಲ. ಅವರ ಹಾಳೆ ಬೆಳ್ಳಗಾಗದೆ ಕಂದಾಗಿ ಉಳಿದದ್ದಕ್ಕೆ ಇದೂ ಒಂದು ಕಾರಣವೆಂದು ವಿದ್ವಾಂಸರು ಹೇಳುತ್ತಾರೆ. ಚರ್ಮ ಎಳೆಯುವಾಗ ಎಲ್ಲಾದರೂ ತೂತಾದರೆ ಆ ಹಾಳೆಯನ್ನು ಎಸೆಯುವ ಮಾತಿಲ್ಲ. ಲಿಪಿಕಾರ ತೂತನ್ನು ಬಳಸಿಕೊಂಡು ಮುಂದಕ್ಕೆ ಬರೆಯುತ್ತಿದ್ದ. ಇಂಥ ತೂತುಗಳ ಮೂಲಕ ಹಿಂದಿನ ಪುಟದ ಅಕ್ಷರ ಇಣುಕುವುದನ್ನು ಇಂದಿಗೂ ನೋಡಬಹುದು.

ಮಸಿಯೂ ಮನೆಯ ಅಡುಗೆಯೇ. ಬಂಡೆಗಳ ನಡುವೆ ನೆಲಕ್ಕೆ ಹಬ್ಬಿ ಬೆಳೆಯುವ ಸೋರ್ಟುಲಿಂಗ್ ಎಂಬ ಕುರುಚಲು ಗಿಡವನ್ನು ಕಿತ್ತು ತಂದು ನೀರಿನಲ್ಲಿ ಕುದಿಸುತ್ತಿದ್ದರು. ಅದಕ್ಕೆ ವಿಲ್ಲೋ ಕಡ್ಡಿಗಳನ್ನೂ ಹಾಕಿ ರಸ ಗಟ್ಟಿಯಾಗುವವರೆಗೆ ಬತ್ತಿಸುತ್ತಿದ್ದರು. ಹದ ಬಂದಿದೆಯೇ ಎಂದು ನೋಡಲು ಉಗುರಿನ ಮೇಲೆ ಒಂದು ಹನಿ ಬಿಡಬೇಕು. ಹರಡದೆ ಉಂಡೆಯಾಗಿ ನಿಂತರೆ ಮಸಿ ಸಿದ್ಧ. ಲೇಖನಿಗೆ ಹಂಸದ ಗರಿ, ಹೆಬ್ಬಾತಿನ ಗರಿ. ಹೀಗೆ ತಯಾರಾದ ಮಸಿ ಏಳುನೂರು ವರ್ಷ ಕಳೆದರೂ ಹೊಳಪು ಬಿಟ್ಟಿಲ್ಲ. ಪ್ರದರ್ಶನದ ಗಾಜಿನ ಪೆಟ್ಟಿಗೆಯ ಮುಂದೆ ನಿಂತವರು ಅಕ್ಷರ ಓದಲು ಬಾರದಿದ್ದರೂ ಈ ಹೊಳಪನ್ನು ನೋಡಬೇಕೆಂದು ನಾನು ಒತ್ತಿ ಹೇಳುತ್ತೇನೆ. ಆ ಕಪ್ಪು ಬಂದದ್ದು ಲಿಪಿಕಾರರ ಮನೆಯ ಹಿಂದಿನ ಗುಡ್ಡದಿಂದ.

ದೊಡ್ಡ ಪುಸ್ತಕಕ್ಕೆ ಎಷ್ಟು ಕರು ಬೇಕಾಗುತ್ತಿತ್ತು ಎಂಬುದಕ್ಕೆ ಫ್ಲಾಟೇಯಾರ್‌ಬೋಕ್ ಸಾಕ್ಷಿ. 1387ರಿಂದ 1394ರೊಳಗೆ ಯೋನ್ ಥೋರ್ದರ್ಸೊನ್, ಮಾಗ್ನುಸ್ ಥೋರ್‌ಹಲ್ಸೊನ್ ಎಂಬ ಇಬ್ಬರು ಪಾದ್ರಿಗಳು ಇದರ ಬಹುಭಾಗವನ್ನು ಬರೆದರು. ಬರೆಸಿದವನು ಯೋನ್ ಹಾಕೊನಾರ್ಸೊನ್ ಎಂಬ ಸ್ಥಿತಿವಂತ ರೈತ. ನಂತರದ ಶತಮಾನದಲ್ಲಿ ಸೇರಿಸಿದ 23 ಹಾಳೆಗಳೂ ಸೇರಿ ಈಗ ಒಟ್ಟು 225 ಹಾಳೆ. ಒಂದು ಚರ್ಮಕ್ಕೆ ಎರಡು ಹಾಳೆಯ ಲೆಕ್ಕದಲ್ಲಿ 113 ಕರುಗಳ ತೊಗಲು. ಒಬ್ಬ ರೈತ ತನ್ನ ಕೊಟ್ಟಿಗೆಯ ಸಂಪತ್ತನ್ನು ಹೀಗೆ ನಾರ್ವೆಯ ರಾಜರ ಚರಿತ್ರೆ ಬರೆಸಲು ಸುರಿದ. ಇದೇ ಪುಸ್ತಕದಲ್ಲಿ ಗ್ರೀನ್‌ಲ್ಯಾಂಡಿಗೆ ಹೋಗಿ ನೆಲೆಸಿದವರ ಕಥೆಯೂ ಇದೆ. ಸುಮಾರು ಸಾವಿರದ ಇಸವಿಯ ಹೊತ್ತಿಗೆ ಲೇಯ್ವ್ ಎರಿಕ್ಸೊನ್ ಮತ್ತು ಅವನ ಕಡೆಯವರು ಪಶ್ಚಿಮಕ್ಕೆ ಹಾಯಿ ಬಿಚ್ಚಿ, ಕಾಡು ಮತ್ತು ಕಾಡುದ್ರಾಕ್ಷಿ ಇರುವ ನೆಲವನ್ನು ಮುಟ್ಟಿದ ಸಂಗತಿ ಅದರಲ್ಲಿ ಬರುತ್ತದೆ. ಬಹುಕಾಲ ಇದನ್ನು ಕಟ್ಟುಕಥೆ ಎಂದವರೇ ಹೆಚ್ಚು. 1960ರಲ್ಲಿ ಹೆಲ್ಗೆ ಮತ್ತು ಆನ್ನೆ ಸ್ಟೀನೆ ಇಂಗ್‌ಸ್ಟಾಡ್ ದಂಪತಿ ಕೆನಡಾದ ನ್ಯೂಫೌಂಡ್‌ಲ್ಯಾಂಡಿನ ತುದಿಯಲ್ಲಿ ಆ ಜನರ ಮನೆಗಳ ಅವಶೇಷ ಕಂಡುಹಿಡಿದರು. ಅಲ್ಲಿ ಸಿಕ್ಕ ಮರದ ತುಂಡುಗಳನ್ನು ಕಡಿದದ್ದು 1021ರಲ್ಲಿ ಎಂದು 2021ರಲ್ಲಿ ಪ್ರಕಟವಾದ ಸಂಶೋಧನೆ ಖಚಿತಪಡಿಸಿತು. ಕೊಲಂಬಸನಿಗಿಂತ ನೂರು ವರ್ಷ ಮುಂಚೆ ಬರೆದಿಟ್ಟ ಪುಸ್ತಕ ನಿಜವನ್ನೇ ಹೇಳಿತ್ತು.

ಐಸ್‌ಲ್ಯಾಂಡಿಗೆ ಜನ ಬಂದು ನೆಲೆಸಿದ್ದು ಒಂಬತ್ತನೆಯ ಶತಮಾನದ ಕೊನೆಯಲ್ಲಿ, ಹೆಚ್ಚಿನವರು ನಾರ್ವೆಯಿಂದ. 930ರ ಸುಮಾರಿಗೆ ಆಲ್‌ಥಿಂಗ್ ಎಂಬ ನಾಡಕೂಟ ಸ್ಥಾಪನೆಯಾಯಿತು. ಅರಸನಿಲ್ಲ, ಕಾನೂನೇ ಎಲ್ಲ. ಆ ಕಾನೂನನ್ನು ಒಬ್ಬ ಕಾನೂನುಗಾರ ಬಾಯಿಪಾಠ ಮಾಡಿಕೊಂಡು ನಾಡಕೂಟದ ಎದುರು ಹೇಳುತ್ತಿದ್ದ. ಸಾವಿರದ ಇಸವಿಯ ಹೊತ್ತಿಗೆ ಕ್ರೈಸ್ತ ಧರ್ಮ ಬಂತು, ಜೊತೆಗೆ ಲ್ಯಾಟಿನ್ ಲಿಪಿ ಬಂತು. 1117ರಿಂದ 1118ರ ಚಳಿಗಾಲದಲ್ಲಿ ಹಾಫ್ಲಿದಿ ಮಾಸ್ಸೊನ್ ಎಂಬ ಮುಖಂಡನ ಮನೆಯಲ್ಲಿ ಕೂತು ಕಾನೂನನ್ನು ಮೊದಲ ಸಲ ಬರಹಕ್ಕೆ ಇಳಿಸಿದರು. ಆಮೇಲೆ ಆರಿ ಥೋರ್ಗಿಲ್ಸೊನ್ ಎಂಬ ಪಾದ್ರಿ ನಾಡಿನ ಇತಿಹಾಸ ಬರೆದ, ಅದೂ ಲ್ಯಾಟಿನ್ನಿನಲ್ಲಿ ಅಲ್ಲ, ಮನೆಮಾತಿನಲ್ಲಿ. ಈ ನಿರ್ಧಾರವನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ವಿದ್ವಾಂಸರೆಲ್ಲ ಲ್ಯಾಟಿನ್ನಿನಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಕುರಿ ಕಾಯುವವನಿಗೂ ತಿಳಿಯುವ ಮಾತಿನಲ್ಲಿ ಚರಿತ್ರೆ ಬರೆದದ್ದರಿಂದಲೇ ಮುಂದಿನದೆಲ್ಲ ಸಾಧ್ಯವಾಯಿತು.

ಮುಂದಿನದು ಎಂದರೆ ಸ್ನೋರ್ರಿ ಸ್ಟುರ್ಲುಸೊನ್. 1179ರಲ್ಲಿ ಹುಟ್ಟಿದ ಈತ ಎರಡು ಬಾರಿ ಕಾನೂನುಗಾರನಾದ, ಆಸ್ತಿವಂತನಾದ, ನಾರ್ವೆಯ ರಾಜಕಾರಣದಲ್ಲಿ ಕೈ ಹಾಕಿದ. ಜೊತೆಗೆ ಕವಿಗಳಾಗಬಯಸುವವರಿಗೆ ಒಂದು ಕೈಪಿಡಿ ಬರೆದ. ಅದೇ ಗದ್ಯ ಎಡ್ಡಾ. ಹಳೆಯ ಕವಿತೆಗಳ ರೂಪಕಗಳು ಅರ್ಥವಾಗಬೇಕಾದರೆ ಹಳೆಯ ದೇವತೆಗಳ ಕಥೆ ಗೊತ್ತಿರಬೇಕು. ಜನ ಕ್ರೈಸ್ತರಾಗಿ ಎರಡು ಶತಮಾನ ಕಳೆದಿತ್ತು, ಕಥೆಗಳು ಮರೆಯುತ್ತಿದ್ದವು. ಸ್ನೋರ್ರಿ ಅವನ್ನೆಲ್ಲ ಕೂಡಿಸಿ ಬರೆದಿಟ್ಟ. 1241ರ ಸೆಪ್ಟೆಂಬರಿನ ಒಂದು ರಾತ್ರಿ ರೆಯ್ಕ್‌ಹೋಲ್ಟ್‌ನ ತನ್ನದೇ ಮನೆಯ ನೆಲಮಾಳಿಗೆಯಲ್ಲಿ ಶತ್ರುಗಳ ಕೈಯಲ್ಲಿ ಸತ್ತ. ಅವರು ನಾರ್ವೆ ರಾಜನ ಕಡೆಯವರು.

ಇನ್ನು ಸಾಗಾಗಳು. ಇವು ರೈತ ಕುಟುಂಬಗಳ ಕಥೆ: ಹೊಲದ ಗಡಿ, ವರದಕ್ಷಿಣೆ, ಕದ್ದ ಕುದುರೆ, ಆಡಬಾರದ ಒಂದು ಮಾತು, ಅದರಿಂದ ಹುಟ್ಟಿ ಮೂರು ತಲೆಮಾರು ಮುಗಿಸುವ ವೈರ. ಇಂಥ ಸುಮಾರು 40 ಸಾಗಾಗಳಿವೆ, ಹೆಚ್ಚಿನವು ಹದಿಮೂರು, ಹದಿನಾಲ್ಕನೆಯ ಶತಮಾನದಲ್ಲಿ ಬರೆದವು. ಬರೆದವರ ಹೆಸರಿಲ್ಲ. ನ್ಯಾಲ್ ಎಂಬ ಶಾಂತಿಪ್ರಿಯ ಕಾನೂನುಪಂಡಿತನನ್ನು ಮನೆಯವರೊಂದಿಗೆ ಸುಟ್ಟುಹಾಕಿದ ಕಥೆಯನ್ನು ಹೇಳುವ ನ್ಯಾಲ್ಸ್ ಸಾಗಾ ಇವುಗಳಲ್ಲಿ ಶಿಖರ. ಇದರ ಪ್ರತಿಗಳೇ ಅರವತ್ತಕ್ಕೂ ಹೆಚ್ಚು ಉಳಿದಿವೆ. ನಿರೂಪಕ ಎಲ್ಲಿಯೂ ಇಂಥವನು ಒಳ್ಳೆಯವನು, ಇಂಥವಳು ದುಃಖಿ ಎಂದು ತೀರ್ಪು ಕೊಡುವುದಿಲ್ಲ. ಯಾರು ಏನು ಮಾಡಿದರು, ಏನು ಆಡಿದರು ಎಂದಷ್ಟೇ ಹೇಳಿ ಸುಮ್ಮನಾಗುತ್ತಾನೆ. ಮನಸ್ಸಿನೊಳಗಿನ ಬಿರುಗಾಳಿಯನ್ನು ಓದುಗರೇ ಊಹಿಸಿಕೊಳ್ಳಬೇಕು. ಇಂಗ್ಲಿಷ್ ಅನುವಾದದಲ್ಲಿ ಓದಿದರೂ ಈ ಬಿಗಿ ತಟ್ಟುತ್ತದೆ. ಗದ್ಯದಲ್ಲಿ ಕಥೆ ಹೇಳುವುದನ್ನು ಕಲಿಯಬೇಕೆನ್ನುವವರು ಯಾವ ಭಾಷೆಯವರಾದರೂ ಇದನ್ನು ಓದಬೇಕು.

ಭಾರತೀಯರಾಗಿ ಅಲ್ಲಿಗೆ ಹೋದವರಿಗೆ ಬೇರೆಯೇ ಅಚ್ಚರಿಗಳು ಕಾದಿವೆ. ಈ ಸಂಗ್ರಹದಲ್ಲಿ 1200ರ ಸುಮಾರಿನ ಒಂದು ಪುಟ್ಟ ಪ್ರಾಣಿಕಥೆಗಳ ಪ್ರತಿ ಇದೆ. ಐಸ್‌ಲ್ಯಾಂಡಿನ ಸಚಿತ್ರ ಹಸ್ತಪ್ರತಿಗಳಲ್ಲಿ ಬಹಳ ಹಳೆಯದು. ಅದರಲ್ಲಿ ಬೆನ್ನ ಮೇಲೆ ಮರದ ಕೋಟೆ ಹೊತ್ತ ಆನೆಯ ಚಿತ್ರವಿದೆ. ಆನೆಯನ್ನು ಕಂಡೇ ಇರದ ಕೈ ಬಿಡಿಸಿದ ಯುದ್ಧದ ಆನೆ. ಅಲೆಕ್ಸಾಂಡರನ ಕಥೆಯನ್ನು ಬಿಷಪ್ ಬ್ರಾಂಡ್ ಯೋನ್ಸೊನ್ ಹದಿಮೂರನೆಯ ಶತಮಾನದಲ್ಲಿ ಲ್ಯಾಟಿನ್ನಿನಿಂದ ತಂದಾಗ ಭಾರತದ ಪುರುರಾಜನೂ ಅವರ ಭಾಷೆಗೆ ಬಂದ. ಇನ್ನೂ ದೊಡ್ಡ ಪಯಣ ಬುದ್ಧನದು. ಅರಮನೆಯಲ್ಲಿ ಬೆಳೆದು, ಮುಪ್ಪು, ರೋಗ, ಸಾವುಗಳನ್ನು ಕಂಡು ಎಲ್ಲವನ್ನೂ ತೊರೆದ ರಾಜಕುಮಾರನ ಕಥೆ ಪರ್ಷಿಯಾ, ಅರಬ್ ನಾಡು, ಜಾರ್ಜಿಯಾಗಳನ್ನು ದಾಟಿ, ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಮೂಲಕ, ಜೋಸಫಾತ್ ಎಂಬ ಕ್ರೈಸ್ತ ಸಂತನ ಕಥೆಯಾಗಿ ಯುರೋಪ್ ತಲುಪಿತ್ತು. ಅದು ಹದಿಮೂರನೆಯ ಶತಮಾನದ ನಡುಭಾಗದಲ್ಲಿ ನಾರ್ವೆಯಲ್ಲಿ ಅನುವಾದವಾಗಿ, ಐಸ್‌ಲ್ಯಾಂಡಿನ ಲಿಪಿಕಾರರ ಕೈಯಲ್ಲೂ ನಕಲಾಯಿತು. ಕಪಿಲವಸ್ತುವಿನ ಕಥೆಯನ್ನು ಅದು ಯಾರದೆಂದು ತಿಳಿಯದೆಯೇ ಹಿಮದ ನಡುವೆ ಕೂತು ಓದಿದವರಿದ್ದರು.

ಮಧ್ಯಯುಗ ದಾಟಿದ ಮೇಲಿನದಾದರೂ ಇನ್ನೊಂದನ್ನು ಹೇಳದೆ ಬಿಡಲಾರೆ. ಯೋನ್ ಒಲಾವ್ಸೊನ್ ಎಂಬ ಐಸ್‌ಲ್ಯಾಂಡಿನ ರೈತನ ಮಗ 1620ರ ದಶಕದಲ್ಲಿ ಡೇನರ ಹಡಗಿನಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು ಅಲ್ಲಿಯ ಡೇನಿಷ್ ಕೋಟೆಯಲ್ಲಿ ಸಿಪಾಯಿಯಾಗಿದ್ದ. ಸಿಡಿಮದ್ದಿನ ಅವಘಡದಲ್ಲಿ ಗಾಯಗೊಂಡು ಊರಿಗೆ ಮರಳಿದ. ಮುಪ್ಪಿನಲ್ಲಿ, 1661ರಲ್ಲಿ, ಆತ್ಮಕಥೆ ಬರೆದ. ಇವತ್ತಿಗೂ ಅವನಿಗೆ ಅಲ್ಲಿ ‘ಭಾರತಕ್ಕೆ ಹೋಗಿ ಬಂದವನು’ ಎಂದೇ ಬಿರುದು. ಅವನ ಪುಸ್ತಕ ಶತಮಾನಗಳ ಕಾಲ ಅಚ್ಚಾಗದೆ ಕೈಬರಹದ ಪ್ರತಿಗಳಲ್ಲೇ ಹರಿದಾಡಿತು.

ಹಾಗೆ ಹರಿದಾಡುವುದು ಅಲ್ಲಿ ವಿಶೇಷವೇನೂ ಆಗಿರಲಿಲ್ಲ. ಅಚ್ಚಿನ ಯಂತ್ರ ಐಸ್‌ಲ್ಯಾಂಡಿಗೆ 1530ರ ಸುಮಾರಿಗೇ ಬಂದಿತ್ತು, ಆದರೆ ಅದು ಬಿಷಪ್ಪರ ಹತೋಟಿಯಲ್ಲಿತ್ತು. ಬಹುಕಾಲ ಅದರಲ್ಲಿ ಅಚ್ಚಾದವು ಬಹುತೇಕ ಧಾರ್ಮಿಕ ಪುಸ್ತಕಗಳೇ. ಸಾಗಾ ಬೇಕಾದವರು ಕೈಯಲ್ಲೇ ನಕಲು ಮಾಡಿಕೊಳ್ಳಬೇಕಿತ್ತು. ಮಾಡಿಕೊಂಡರು, ಇಪ್ಪತ್ತನೆಯ ಶತಮಾನದ ಆರಂಭದವರೆಗೂ. ಚಳಿಗಾಲದ ರಾತ್ರಿ ಅಲ್ಲಿ ಸಂಜೆ ನಾಲ್ಕಕ್ಕೇ ಬೀಳುತ್ತದೆ. ಮನೆಮಂದಿ, ಆಳುಕಾಳು ಎಲ್ಲ ಒಂದೇ ಕೋಣೆಯಲ್ಲಿ ಕೂತು ಉಣ್ಣೆ ಬಿಡಿಸುವುದು, ನೂಲುವುದು, ಹೆಣೆಯುವುದು ಮಾಡುತ್ತಿದ್ದರು. ಒಬ್ಬರು ದೀಪದ ಹತ್ತಿರ ಕೂತು ಎಲ್ಲರಿಗೂ ಕೇಳುವಂತೆ ಸಾಗಾ ಓದುತ್ತಿದ್ದರು, ಇಲ್ಲವೇ ರೀಮುರ್ ಎಂಬ ಕಥನಗೀತೆಗಳನ್ನು ರಾಗವಾಗಿ ಹೇಳುತ್ತಿದ್ದರು. ಕ್ವೋಲ್ಡ್‌ವಾಕಾ ಎಂಬುದು ಈ ಸಂಜೆಗಳ ಹೆಸರು. ಓದು ಎಂಬುದು ಅಲ್ಲಿ ಕೆಲಸದ ಜೊತೆಗಿನ ಕೆಲಸ. ಹಾಳೆಗಳ ಅಂಚಿನಲ್ಲಿರುವ ಹೊಗೆ, ಜಿಡ್ಡು, ಬೆರಳಿನ ಕಲೆಗಳೆಲ್ಲ ಆ ಕೋಣೆಗಳಿಂದ ಬಂದವು. ಅಂಚಿನಲ್ಲಿ ಲಿಪಿಕಾರರ ಗೊಣಗಾಟವೂ ಇದೆ. ದೋರಿ ಎಂಬ ತನ್ನ ನೆಂಟ ಹೊಟ್ಟೆ ತುಂಬ ಮೀನು ಕೊಡುವುದೇ ಇಲ್ಲ ಎಂದು ಒಬ್ಬ ದೂರಿಕೊಂಡಿದ್ದಾನೆ. ಅಂಗೈಯಲ್ಲಿ ಅಡಗುವಷ್ಟು ಸಣ್ಣ ಪುಸ್ತಕಗಳೂ ಇವೆ. ಸಂತ ಮಾರ್ಗರೆಟಳ ಕಥೆ ಬರೆದ ಅವುಗಳನ್ನು ಹೆರಿಗೆ ನೋವಿನ ಹೊತ್ತಿನಲ್ಲಿ ಹೆಂಗಸರ ತೊಡೆಗೆ ಕಟ್ಟುವ ರೂಢಿ ಇತ್ತು. ಎಷ್ಟು ಮಕ್ಕಳು ಆ ಪುಸ್ತಕಗಳ ಕಾವಲಿನಲ್ಲಿ ಹುಟ್ಟಿದವೋ!

ನನ್ನ ಮಟ್ಟಿಗೆ ಈ ಸಂಗ್ರಹಾಲಯದ ಹಿರಿಮೆ ಇದರಲ್ಲೇ ಇದೆ. ಈ ಪುಸ್ತಕಗಳನ್ನು ಮಠಗಳೂ ಬರೆಸಿದವು, ಬಿಷಪ್ಪರೂ ಕೂಡಿಟ್ಟರು. ಆದರೆ ಆರೇಳು ಶತಮಾನ ಅವುಗಳಿಗೆ ಜೀವ ತುಂಬಿದ್ದು ಒಕ್ಕಲು ಮನೆಗಳು.

ಅದೇ ಮನೆಗಳಲ್ಲಿ ಅವು ಸವೆದವು ಕೂಡ. ಕಾಗದ ಬಂದ ಮೇಲೆ ಜನ ಹಳೆಯ ಪುಸ್ತಕವನ್ನು ಕಾಗದಕ್ಕೆ ನಕಲು ಮಾಡಿಕೊಂಡು ತೊಗಲಿನ ಹಾಳೆಗಳನ್ನು ಬೇರೆ ಕೆಲಸಕ್ಕೆ ಹಚ್ಚಿದರು. ಆನೆಯ ಚಿತ್ರವಿದೆ ಎಂದೆನಲ್ಲ, ಆ ಪ್ರತಿಯ ಹಾಳೆಗಳಲ್ಲಿ ಸಣ್ಣ ಸಣ್ಣ ತೂತುಗಳಿವೆ. ಹಿಟ್ಟು ಜರಡಿ ಹಿಡಿಯಲು ಬಳಸಿದ್ದರಂತೆ. ಪ್ರೇಮಕಥೆಗಳ ಒಂದು ಪುಸ್ತಕದ ಹಾಳೆಗಳು ಬಿಷಪ್ಪರ ಟೋಪಿ ಬಿಗಿಯಾಗಿ ನಿಲ್ಲಲೆಂದು ಒಳಗೆ ಹೊಲಿದ ಸ್ಥಿತಿಯಲ್ಲಿ ಸಿಕ್ಕವು. ಅಂಗಿ ಹೊಲಿಯುವ ಅಳತೆಯ ಆಕಾರಕ್ಕೆ ಕತ್ತರಿಸಿದ ಹಾಳೆಯೂ ಇದೆ. ಬಡತನದ ನಾಡು, ಗಟ್ಟಿ ಚರ್ಮದ ಚೂರನ್ನು ಯಾರೂ ವ್ಯರ್ಥ ಮಾಡುತ್ತಿರಲಿಲ್ಲ. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ.

ಈ ಹೊತ್ತಿಗೆ ಬಂದವನು ಆರ್ನಿ ಮಾಗ್ನುಸ್ಸೊನ್. 1663ರಲ್ಲಿ ಪಶ್ಚಿಮ ಐಸ್‌ಲ್ಯಾಂಡಿನಲ್ಲಿ ಹುಟ್ಟಿ, ಕೋಪನ್‌ಹೇಗನ್ನಿಗೆ ಓದಲು ಹೋಗಿ, ಅಲ್ಲೇ ಪ್ರಾಧ್ಯಾಪಕನಾದ. ಐಸ್‌ಲ್ಯಾಂಡ್ ಆಗ ಡೆನ್ಮಾರ್ಕ್ ರಾಜನ ಕೆಳಗಿತ್ತು. 1702ರಲ್ಲಿ ರಾಜ ಅವನನ್ನೂ ಪಾಲ್ ವಿದಲಿನ್ ಎಂಬವನನ್ನೂ ನಾಡಿನ ಸ್ಥಿತಿಗತಿ ತಿಳಿದು ಬರಲು ಕಳುಹಿಸಿದ. ಪ್ರತಿ ಹೊಲಮನೆಯ ಲೆಕ್ಕ, ಪ್ರತಿ ಮನುಷ್ಯನ ಹೆಸರು. 1703ರ ಆ ಜನಗಣತಿಯಲ್ಲಿ 50,358 ಮಂದಿಯ ಹೆಸರಿದೆ. ಭಿಕ್ಷುಕರೂ ಬಿಟ್ಟುಹೋಗಿಲ್ಲ. ಇಡೀ ದೇಶದ ಎಲ್ಲರನ್ನೂ ಹೆಸರು ಹಿಡಿದು ದಾಖಲಿಸಿದ ಈ ಗಣತಿಯನ್ನು ಯುನೆಸ್ಕೋ 2013ರಲ್ಲಿ ‘ವಿಶ್ವದ ಸ್ಮೃತಿ’ ಪಟ್ಟಿಗೆ ಸೇರಿಸಿತು.

ಸರಕಾರದ ಕೆಲಸದ ಹತ್ತು ವರ್ಷಗಳಲ್ಲಿ ಆರ್ನಿ ತನ್ನ ಕೆಲಸವನ್ನೂ ಮಾಡಿದ. ಹೋದ ಮನೆಯಲ್ಲೆಲ್ಲ ಹಳೆಯ ಪುಸ್ತಕ ಕೇಳುವುದು, ಕೊಳ್ಳುವುದು, ಬೇಡುವುದು, ಕೊಡದಿದ್ದರೆ ನಕಲು ಮಾಡಿಕೊಳ್ಳುವುದು. ಅವನಿಗೆ ಇಡೀ ಪುಸ್ತಕವೇ ಬೇಕೆಂದಿರಲಿಲ್ಲ. ಹರಿದ ಒಂದು ಹಾಳೆ, ಬೇರೆ ಪುಸ್ತಕದ ರಟ್ಟಿಗೆ ಅಂಟಿಸಿದ ಒಂದು ತುಣುಕು ಸಿಕ್ಕರೂ ಎತ್ತಿಟ್ಟುಕೊಳ್ಳುತ್ತಿದ್ದ. ಒಂದೇ ಪುಸ್ತಕದ ಹಾಳೆಗಳನ್ನು ಬೇರೆ ಬೇರೆ ಮನೆಗಳಿಂದ ತಂದು ಕೂಡಿಸಿದ್ದಾನೆ. ಯಾವುದನ್ನು ಯಾರಿಂದ ಪಡೆದೆ ಎಂದು ಚೀಟಿ ಬರೆದಿಡುವ ಶಿಸ್ತು ಅವನದು. ಆ ಚೀಟಿಗಳು ಇಂದಿನ ಸಂಶೋಧಕರಿಗೆ ಹಸ್ತಪ್ರತಿಗಳಷ್ಟೇ ಬೆಲೆಬಾಳುವಂಥವು. ಕಟ್ಟಿದ ಪೆಟ್ಟಿಗೆಗಳನ್ನೆಲ್ಲ ಹಡಗೇರಿಸಿ ಕೋಪನ್‌ಹೇಗನ್ನಿಗೆ ತರಿಸಿಕೊಂಡ. ಅಂದಿನ ಐಸ್‌ಲ್ಯಾಂಡಿನಲ್ಲಿ ಅವುಗಳನ್ನಿಡಲು ಒಂದು ಗ್ರಂಥಾಲಯ ಇರಲಿಲ್ಲ, ವಿಶ್ವವಿದ್ಯಾಲಯ ಇರಲಿಲ್ಲ.

1728ರ ಅಕ್ಟೋಬರ್ 20ರಂದು ಕೋಪನ್‌ಹೇಗನ್ನಿಗೆ ಬೆಂಕಿ ಬಿತ್ತು. ಮೂರು ದಿನ ಉರಿಯಿತು. ಬೆಂಕಿ ಮನೆಯ ಹತ್ತಿರ ಬರುವವರೆಗೂ ಆರ್ನಿ ಕದಲಲಿಲ್ಲ. ಕೊನೆಗೆ ಜೊತೆಗಿದ್ದವರ ಸಹಾಯದಿಂದ ಗಾಡಿಗಳಲ್ಲಿ ಹಸ್ತಪ್ರತಿಗಳನ್ನು ಸಾಗಿಸಿದ. ಅಮೂಲ್ಯವಾದವುಗಳಲ್ಲಿ ಹೆಚ್ಚಿನವು ಉಳಿದವು. ಅವನ ಅಚ್ಚಿನ ಪುಸ್ತಕಗಳು, ಜೀವಮಾನದ ಟಿಪ್ಪಣಿಗಳಲ್ಲಿ ಬಹುಪಾಲು, ಹಲವು ನಕಲುಗಳು ಬೂದಿಯಾದವು. ಈ ಪೆಟ್ಟಿನಿಂದ ಅವನು ಚೇತರಿಸಿಕೊಳ್ಳಲಿಲ್ಲ. 1730ರ ಜನವರಿ 7ರಂದು ತೀರಿಕೊಂಡ. ಉಳಿದದ್ದನ್ನೆಲ್ಲ ಕೋಪನ್‌ಹೇಗನ್ ವಿಶ್ವವಿದ್ಯಾಲಯಕ್ಕೆ ಬರೆದುಕೊಟ್ಟಿದ್ದ. 1955ರಲ್ಲಿ ನೊಬೆಲ್ ಪಡೆದ ಹಾಲ್ದೋರ್ ಲಾಕ್ಸ್‌ನೆಸ್, ‘ಐಸ್‌ಲ್ಯಾಂಡಿನ ಗಂಟೆ’ ಎಂಬ ಕಾದಂಬರಿಯಲ್ಲಿ ಇವನನ್ನೇ ಮಾದರಿಯಾಗಿಟ್ಟುಕೊಂಡು ಆರ್ನಾಸ್ ಆರ್ನೇಯಸ್ ಎಂಬ ಪಾತ್ರ ಸೃಷ್ಟಿಸಿದ್ದಾನೆ. ನಾಡನ್ನು ಉಳಿಸಲೋ ನಾಡಿನ ಪುಸ್ತಕಗಳನ್ನು ಉಳಿಸಲೋ ಎಂದು ಒದ್ದಾಡುವ ಮನುಷ್ಯ ಅವನು.

ಕೋಡೆಕ್ಸ್ ರೀಜಿಯಸ್ ಮತ್ತು ಫ್ಲಾಟೇಯಾರ್‌ಬೋಕ್ ಮಾತ್ರ ಆರ್ನಿಗಿಂತ ಮೊದಲೇ ಡೆನ್ಮಾರ್ಕ್ ಸೇರಿದ್ದವು. ಎರಡನ್ನೂ ಪಡೆದವನು ಸ್ಕಾಲ್‌ಹೋಲ್ಟ್‌ನ ಬಿಷಪ್ ಬ್ರಿನ್ಯೋಲ್ವ್ ಸ್ವೆಯ್ನ್ಸೊನ್. ಫ್ಲಾಟೇ ದ್ವೀಪದ ರೈತ ಯೋನ್ ಫಿನ್ಸೊನ್ ತನ್ನ ದೊಡ್ಡ ಪುಸ್ತಕವನ್ನು ಹಣಕ್ಕೂ ಕೊಡಲಿಲ್ಲ, ಜಮೀನಿಗೂ ಕೊಡಲಿಲ್ಲ. ಬಿಷಪ್ ಹೊರಟು ನಿಂತಾಗ ದೋಣಿಯವರೆಗೆ ಬಂದು ಉಡುಗೊರೆಯಾಗಿ ಕೈಗಿಟ್ಟ ಎಂದು ಹೇಳುತ್ತಾರೆ. ಬಿಷಪ್ ಅದನ್ನು 1656ರಲ್ಲೂ ಕೋಡೆಕ್ಸ್ ರೀಜಿಯಸ್ ಅನ್ನು 1662ರಲ್ಲೂ ರಾಜ ಮೂರನೆಯ ಫ್ರೆಡರಿಕ್‌ನಿಗೆ ಕಳುಹಿಸಿಕೊಟ್ಟ.

ಮೂರು ಶತಮಾನ ಅವು ಕೋಪನ್‌ಹೇಗನ್ನಿನಲ್ಲಿದ್ದವು. ಐಸ್‌ಲ್ಯಾಂಡ್ 1944ರಲ್ಲಿ ಗಣರಾಜ್ಯವಾದ ಮೇಲೆ ಪುಸ್ತಕಗಳನ್ನು ಹಿಂದಕ್ಕೆ ಕೊಡಿ ಎಂಬ ಕೂಗು ಬಲವಾಯಿತು. ಡೆನ್ಮಾರ್ಕಿನ ಅನೇಕ ವಿದ್ವಾಂಸರು ವಿರೋಧಿಸಿದರು. ಆರ್ನಿ ಕಾನೂನುಬದ್ಧವಾಗಿ ಬರೆದುಕೊಟ್ಟ ಆಸ್ತಿ ಇದು, ಸರಕಾರ ಹೇಗೆ ಕೊಟ್ಟೀತು ಎಂಬುದು ಅವರ ವಾದ, ಅದರಲ್ಲಿ ಹುರುಳಿಲ್ಲದಿರಲಿಲ್ಲ. 1961ರಲ್ಲಿ ಡೇನಿಷ್ ಸಂಸತ್ತು ಮಸೂದೆಯನ್ನು ಒಪ್ಪಿದಾಗ ವಿರೋಧಿ ಸದಸ್ಯರು ಸಹಿ ಕೂಡಿಸಿ ಮುಂದಿನ ಚುನಾವಣೆಯವರೆಗೆ ತಡೆಹಿಡಿದರು. 1965ರಲ್ಲಿ ಅದು ಮತ್ತೆ ಅಂಗೀಕಾರವಾಯಿತು. ಆಮೇಲೆ ವ್ಯಾಜ್ಯ, ಸರ್ವೋಚ್ಚ ನ್ಯಾಯಾಲಯದವರೆಗೆ. ಕೊನೆಗೆ ಐಸ್‌ಲ್ಯಾಂಡಿನವರೇ ಬರೆದ, ಐಸ್‌ಲ್ಯಾಂಡಿಗೇ ಮುಖ್ಯವಾಗಿ ಸಂಬಂಧಿಸಿದ ಪ್ರತಿಗಳನ್ನು ಮರಳಿಸುವುದೆಂದು ತೀರ್ಮಾನವಾಯಿತು. ಯುದ್ಧ ಸೋಲದೆ, ಒಂದು ದೇಶ ತನ್ನ ಗ್ರಂಥಾಲಯದ ಮುಕುಟಮಣಿಗಳನ್ನು ಹಳೆಯ ಅಧೀನ ನಾಡಿಗೆ ಕಾಯಿದೆ ಮಾಡಿ ಹಿಂದಿರುಗಿಸಿದ್ದು ಅಪರೂಪ. ಡೇನರ ಈ ಔದಾರ್ಯವನ್ನು ಐಸ್‌ಲ್ಯಾಂಡಿನವರು ಮರೆತಿಲ್ಲ.

1971ರ ಏಪ್ರಿಲ್ 21. ಅವರ ಪಂಚಾಂಗದಲ್ಲಿ ಚಳಿಗಾಲದ ಕೊನೆಯ ದಿನ. ಡೇನಿಷ್ ನೌಕಾಪಡೆಯ ವೆಡೆರೆನ್ ಹಡಗು ರೇಕ್ಯಾವಿಕ್ ಬಂದರಿಗೆ ಬಂತು. ಶಾಲೆಗಳು, ಅಂಗಡಿಗಳು ಮುಚ್ಚಿದ್ದವು. ಇಡೀ ದೇಶದ ಜನಸಂಖ್ಯೆಯೇ ಎರಡು ಲಕ್ಷದಷ್ಟಿದ್ದ ಕಾಲದಲ್ಲಿ ಸುಮಾರು 15,000 ಜನ ಧಕ್ಕೆಯಲ್ಲಿ ನೆರೆದಿದ್ದರು. ಉಳಿದವರು ದೂರದರ್ಶನದ ಮುಂದೆ ಕೂತಿದ್ದರು. ನಾವಿಕರು ಕೋಡೆಕ್ಸ್ ರೀಜಿಯಸ್ ಮತ್ತು ಫ್ಲಾಟೇಯಾರ್‌ಬೋಕ್ ಪೊಟ್ಟಣಗಳನ್ನು ಕೈಯಲ್ಲಿ ಹಿಡಿದು ಇಳಿದರು. ಅಂದು ಸಂಜೆ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಡೆನ್ಮಾರ್ಕಿನ ಶಿಕ್ಷಣ ಸಚಿವ ಹೆಲ್ಗೆ ಲಾರ್ಸೆನ್ ಅವುಗಳನ್ನು ಐಸ್‌ಲ್ಯಾಂಡಿನ ಶಿಕ್ಷಣ ಸಚಿವ ಗಿಲ್ವಿ ಗಿಸ್ಲಸೊನ್ ಅವರ ಕೈಗಿತ್ತರು. ಅಲ್ಲಿಂದ 1997ರ ಜೂನ್ 19ರವರೆಗೆ, ಇಪ್ಪತ್ತಾರು ವರ್ಷ, ಪ್ರತಿಯೊಂದನ್ನೂ ಚಿತ್ರೀಕರಿಸಿ, ದುರಸ್ತಿ ಮಾಡಿ ಕಳುಹಿಸುತ್ತ ಹೋದರು. ಆರ್ನಿಯ ಸಂಗ್ರಹದಿಂದ ಮರಳಿದವು 1,666 ಹಸ್ತಪ್ರತಿಗಳು. ಉಳಿದರ್ಧ ಕೋಪನ್‌ಹೇಗನ್ನಿನಲ್ಲೇ ಇವೆ. ಎರಡೂ ಕಡೆಯ ಸಂಗ್ರಹ ಒಟ್ಟಾಗಿ 2009ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ರೇಕ್ಯಾವಿಕ್‌ನ ಸಂಸ್ಥೆ ಬರೀ ಕಾವಲುಗಾರನಲ್ಲ. ಪ್ರತಿಗಳನ್ನು ಸಂಪಾದಿಸಿ ಪ್ರಕಟಿಸುವುದು, ನಿಘಂಟು ತಯಾರಿಸುವುದು, ಹಳ್ಳಿಗಳ ಹಾಡುಕಥೆಗಳ ಧ್ವನಿಮುದ್ರಿಕೆ ಕಾಪಾಡುವುದು, ಊರುಹೆಸರುಗಳ ಸಂಗ್ರಹ ಎಲ್ಲವೂ ಅದರ ಕೆಲಸ. 2006ರಲ್ಲಿ ಬೇರೆ ಬೇರೆ ಭಾಷಾಸಂಸ್ಥೆಗಳನ್ನು ಕೂಡಿಸಿ ಈಗಿನ ರೂಪ ಕೊಟ್ಟರು. ವಿಶ್ವವಿದ್ಯಾಲಯದ ಐಸ್‌ಲ್ಯಾಂಡಿಕ್ ವಿಭಾಗವೂ ಎಡ್ಡಾ ಕಟ್ಟಡದಲ್ಲೇ ಇರುವುದರಿಂದ ಹಸ್ತಪ್ರತಿಗಳ ಹತ್ತಿರದಲ್ಲೇ ವಿದ್ಯಾರ್ಥಿಗಳ ಪಾಠ ನಡೆಯುತ್ತದೆ. ಕಾಗುಣಿತವನ್ನು ಸ್ವಲ್ಪ ಇಂದಿನ ರೂಢಿಗೆ ತಂದುಕೊಟ್ಟರೆ ಶಾಲೆಯ ಮಕ್ಕಳೂ ಸಾಗಾ ಓದಬಲ್ಲರು. ಅವರ ನುಡಿ ಅಷ್ಟು ಕಡಿಮೆ ಬದಲಾಗಿದೆ.

ಹೋಗುವ ಅವಕಾಶವಿದ್ದವರು ಒಂದೆರಡು ವಿಷಯ ನೆನಪಿಡಬೇಕು. ಹಳೆಯ ಹಾಳೆಗಳಿಗೆ ಬೆಳಕಿನಿಂದ ಬಿಡುವು ಕೊಡಲು ಪ್ರತಿಗಳನ್ನೂ ತೆರೆದಿಡುವ ಪುಟಗಳನ್ನೂ ಬದಲಿಸುತ್ತಿರುತ್ತಾರೆ. ಯಾವುದೋ ಒಂದನ್ನೇ ನೋಡಬೇಕೆಂಬ ಹಟವಿದ್ದರೆ ಮುಂಚೆ ವಿಚಾರಿಸಿಕೊಳ್ಳುವುದು ಒಳ್ಳೆಯದು. ರೇಕ್ಯಾವಿಕ್‌ನಿಂದ ಉತ್ತರಕ್ಕೆ ಬೋರ್ಗರ್‌ನೆಸ್ ಎಂಬಲ್ಲಿ 2006ರಿಂದ ನೆಲೆಸಿದವರ ಕೇಂದ್ರವಿದೆ. ಏಗಿಲ್ ಎಂಬ ಕವಿಯೋಧನ ಸಾಗಾ ಅಲ್ಲಿಯ ಪ್ರದರ್ಶನದ ವಸ್ತು. ಅಲ್ಲಿಂದ ಒಳನಾಡಿಗೆ ಹೋದರೆ ರೆಯ್ಕ್‌ಹೋಲ್ಟ್, ಸ್ನೋರ್ರಿಯ ಊರು. ಅವನ ಹೆಸರಿನ ಅಧ್ಯಯನ ಕೇಂದ್ರವೂ ಅವನು ಮೀಯುತ್ತಿದ್ದ ಬಿಸಿನೀರಿನ ಕೊಳವೂ ಇವೆ. ದಕ್ಷಿಣದ ಹ್ವೋಲ್ಸ್‌ವೋಲ್ಲೂರ್ ಎಂಬ ಪೇಟೆಯಲ್ಲಿ ನ್ಯಾಲ್ಸ್ ಸಾಗಾದ ಇಡೀ ಕಥೆಯನ್ನು 90 ಮೀಟರ್ ಉದ್ದದ ಬಟ್ಟೆಯ ಮೇಲೆ ಕಸೂತಿ ಮಾಡಿದ್ದಾರೆ. 2013ರಲ್ಲಿ ಶುರುವಾಗಿ 2020ರಲ್ಲಿ ಮುಗಿದ ಈ ಕೆಲಸಕ್ಕೆ ಊರಿನವರೂ ಪ್ರವಾಸಿಗರೂ ಸೂಜಿ ಹಿಡಿದಿದ್ದಾರೆ.

ಅಷ್ಟು ದೂರ ಹೋಗಲಾಗದವರೂ ನಿರಾಶರಾಗಬೇಕಿಲ್ಲ. ಎರಡೂ ದೇಶಗಳ ಸಂಗ್ರಹಗಳೂ ಐಸ್‌ಲ್ಯಾಂಡಿನ ರಾಷ್ಟ್ರೀಯ ಗ್ರಂಥಾಲಯವೂ ಕೂಡಿ ಹಸ್ತಪ್ರತಿಗಳ ಚಿತ್ರಗಳನ್ನು ಹಂದ್ರಿತ್ ಡಾಟ್ ಐಎಸ್ ಎಂಬ ಜಾಲತಾಣದಲ್ಲಿ ಇಡುತ್ತ ಬಂದಿವೆ. ನೋಡಲು ಹಣ ಕೊಡಬೇಕಾಗಿಲ್ಲ, ಅನುಮತಿ ಬೇಕಾಗಿಲ್ಲ. ಮನೆಯಲ್ಲೇ ಕೂತು ಪುಟ ದೊಡ್ಡದು ಮಾಡಿ ತೊಗಲಿನ ತೂತುಗಳನ್ನೂ ಅಂಚಿನ ಕಲೆಗಳನ್ನೂ ಮಸಿಯ ಹೊಳಪನ್ನೂ ನೋಡಬಹುದು. ಮಕ್ಕಳನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.